ಹಿಂಬದಿಯಿಂದ ಬಿಚ್ಚಬೇಕು

ಮದುವೆ ರವಿಕೆಯ ಬೆನ್ನ ಮೇಲೆ ನವಿಲು ಚೆನ್ನಾಗಿಯೇ ಕೂತಿದೆ. ಆದರೆ ನವಿಲಿನ ಕತ್ತಿನ ಹೊರಗೆರೆ ಕತ್ತನ್ನು ಬಿಟ್ಟು ಎರಡು ಮಿಲಿಮೀಟರ್ ಆಚೆ ಬಿದ್ದಿದೆ. ವಾಲಿಬಾಲ್ ತಂಡದ ಜೆರ್ಸಿಯಲ್ಲಿ ಊರಿನ ಹೆಸರಿನ ದೀರ್ಘ ಕಾಣೆಯಾಗಿದೆ. ಶಾಲೆಯ ಅಂಗಿಯ ಕಿಸೆ ಮೇಲಿನ ಲಾಂಛನದ ಸುತ್ತ ಬಟ್ಟೆ ಅಲೆಅಲೆಯಾಗಿ ಎದ್ದಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಹೊಲಿಗೆ ಅಂಗಡಿಗಳಿಗೆ ಮದುವೆಯ ತಿಂಗಳುಗಳಲ್ಲೂ ಶಾಲೆ ಶುರುವಾಗುವ ಜೂನ್ ಹೊತ್ತಿಗೂ ಬರುವ ತಕರಾರುಗಳು ಹೆಚ್ಚುಕಡಿಮೆ ಇಂಥವೇ. ಬಟ್ಟೆ ಕತ್ತರಿಸಿ, ಹೊಲಿದು, ಗುಂಡಿ ಹಾಕಿ, ಇಸ್ತ್ರಿಯೂ ಆದಮೇಲೆ ತಪ್ಪು ಕಣ್ಣಿಗೆ ಬಿದ್ದಿರುತ್ತದೆ. ಹೊಸ ಬಟ್ಟೆ ತಂದು ಮೊದಲಿನಿಂದ ಹೊಲಿಯಲು ದಿನವಿರುವುದಿಲ್ಲ, ಸೀರೆಯ ಜೊತೆಗೇ ಬಂದ ರವಿಕೆ ತುಂಡಾದರೆ ಅಂಥದೇ ಇನ್ನೊಂದು ತುಂಡೂ ಸಿಗುವುದಿಲ್ಲ.

ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಪಂಚಗಂಗಾವಳಿ ಹೊಳೆ ಇರುವ ಕೋಡಿಯಲ್ಲಿ ಮನೆಯ ಚಾವಡಿಯಲ್ಲೇ ಮಿಷನ್ ಇಟ್ಟುಕೊಂಡ ಒಬ್ಬ ಅಕ್ಕನಿಗೆ ಇಂಥದೊಂದು ರವಿಕೆ ತೋರಿಸಿ, "ಅಕ್ಕಾ, ಇದ್ನ್ ಬಿಚ್ಚೂಕ್ ಆತ್ತಾ?" ಎಂದು ಕೇಳಿದೆ. ಅವರು ರವಿಕೆಯ ಮುಂಬದಿಯನ್ನು ನೋಡಲೇ ಇಲ್ಲ. ತಿರುವಿ ಅಸ್ತರಿನ ಒಳಗೆ ಕೈ ಹಾಕಿ, "ಆತ್ತ್. ಆರೆ ಮುಂದಿಂದ ಕತ್ರಿ ಹಾಕೂಕಾಗ. ಹಿಂದ್ ಬದಿಯಿಂದ ಬಿಚ್ಕ್" ಎಂದರು.

ಹೀಗೆ ಮಾಡುವುದಕ್ಕೆ ರೂಢಿಯಷ್ಟೇ ಕಾರಣವಲ್ಲ. ಮಿಷನ್ ಹೊಲಿಗೆಯ ರಚನೆಯೇ ಹಾಗಿದೆ.

ಕೈಹೊಲಿಗೆಯಲ್ಲಿ ಒಂದೇ ದಾರ ಬಟ್ಟೆಯ ಮೇಲೂ ಕೆಳಗೂ ಓಡಾಡುತ್ತದೆ, ಸೂಜಿ ಪೂರ್ತಿಯಾಗಿ ಬಟ್ಟೆಯನ್ನು ದಾಟುತ್ತದೆ. ಮಿಷನ್ನಿನಲ್ಲಿ ಸೂಜಿ ಬಟ್ಟೆಯನ್ನು ದಾಟಿ ಹೋಗುವುದೇ ಇಲ್ಲ. ಅದರ ಕಣ್ಣು ಮೊನೆಯ ಹತ್ತಿರ ಇರುತ್ತದೆ. ಮೊನೆ ಕೆಳಗಿಳಿದು ತುಸು ಮೇಲೇಳುವ ಹೊತ್ತಿಗೆ ದಾರ ಬಟ್ಟೆಯಡಿ ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ತಿರುಗುತ್ತಿರುವ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಕೆಳದಾರ ಸುತ್ತಿದ ಇಡೀ ಬಾಬಿನ್ನಿನ ಸುತ್ತ ದಾಟಿಸಿಬಿಡುತ್ತದೆ. ಕುಣಿಕೆಯೊಳಗೆ ಬಾಬಿನ್ ದಾರ ಸಿಕ್ಕಿಕೊಳ್ಳುತ್ತದೆ, ಮೇಲಿನಿಂದ ದಾರ ಬಿಗಿಯಾಗುತ್ತದೆ, ಹೊಲಿಗೆ ಬೀಳುತ್ತದೆ. ಕುಣಿಕೆಯೊಳಗೆ ಎರಡನೆಯ ದಾರ ಹಾಯಿಸಿ ಬೀಗ ಹಾಕುವ ಈ ತತ್ವವೇ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದ್ದು. ಇವತ್ತಿನ ಕಂಪ್ಯೂಟರ್ ಎಂಬ್ರಾಯ್ಡರಿ ಮಿಷನ್ ನಿಮಿಷಕ್ಕೆ 800ರಿಂದ 1,000 ಸಲ ಮಾಡುವುದೂ ಇದನ್ನೇ. ಅಲ್ಲಿ ಬಟ್ಟೆಯನ್ನು ಬಿಗಿಹಿಡಿದ ಚೌಕಟ್ಟು ಓಡಾಡುತ್ತದೆ, ಸೂಜಿ ಇದ್ದಲ್ಲೇ ಕುಟ್ಟುತ್ತದೆ.

ಹೀಗಾಗಿ ಮೇಲಿನ ಬಣ್ಣದ ದಾರ ಬಟ್ಟೆಯ ಮೇಲೆ ತನ್ನಷ್ಟಕ್ಕೆ ನಿಂತಿಲ್ಲ. ಪ್ರತಿಯೊಂದು ಸೂಜಿಕುತ್ತಿನಲ್ಲೂ ಅದನ್ನು ಕೆಳಗಿನಿಂದ ಬಾಬಿನ್ ದಾರ ಹಿಡಿದಿಟ್ಟಿದೆ. ಸಾಮಾನ್ಯ ಹೊಲಿಗೆಯಲ್ಲಿ ಇವೆರಡರ ಹೆಣೆತ ಬಟ್ಟೆಯ ದಪ್ಪದೊಳಗೆ ಅಡಗಿರುತ್ತದೆ. ಎಂಬ್ರಾಯ್ಡರಿಯಲ್ಲಿ ಬೇಕೆಂದೇ ಬಾಬಿನ್ ದಾರವನ್ನು ಹೆಚ್ಚು ಬಿಗಿಯಿಟ್ಟು ಹೆಣೆತವನ್ನು ಹಿಂಬದಿಗೆ ಎಳೆದಿರುತ್ತಾರೆ, ಮುಂದೆ ಬಿಳಿ ಚುಕ್ಕೆ ಕಾಣಬಾರದೆಂದು. ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ, ಚೆನ್ನಾಗಿ ಬಿದ್ದ ಸ್ಯಾಟಿನ್ ಹೊಲಿಗೆಯನ್ನು ತಿರುವಿ ನೋಡಿದರೆ ನಡುವಿನ ಮೂರನೇ ಒಂದು ಪಾಲು ಬಿಳಿ, ಎರಡು ಅಂಚುಗಳಲ್ಲಿ ಬಣ್ಣ. ಆ ಬಿಳಿ ಪಟ್ಟಿಯೇ ಬೀಗ. ಅದನ್ನು ಕತ್ತರಿಸಿದರೆ ಮುಂದಿನ ದಾರಕ್ಕೆ ಹಿಡಿತವೇ ಇಲ್ಲ, ಚಿಮುಟದಲ್ಲಿ ಎಳೆದರೆ ಪುಡಿಪುಡಿಯಾಗಿ ಬರುತ್ತದೆ. ಮುಂಬದಿಯಿಂದ ಬಿಚ್ಚಲು ಹೋದವರು ದಪ್ಪ ಹೊಳೆಯುವ ದಾರದ ಕೆಳಗೆ ಬ್ಲೇಡು ತೂರಿಸಬೇಕು. ಬ್ಲೇಡಿನ ಆಚೆಗೆ ಇರುವುದು ನೇರವಾಗಿ ಬಟ್ಟೆ. ಹಿಂಬದಿಯಲ್ಲಿ ಬ್ಲೇಡಿಗೂ ಬಟ್ಟೆಗೂ ನಡುವೆ ಬ್ಯಾಕಿಂಗ್ ಪೇಪರೋ ಬಕ್ರಮ್ಮೋ ಇರುತ್ತದೆ. ತಪ್ಪು ಹೊಲಿಗೆಯನ್ನು ಬಿಚ್ಚಿ ಮುಗಿಸುವವರೆಗೆ ಆ ಪೇಪರನ್ನು ಹರಿಯಬಾರದು ಎನ್ನುವುದು ಅದಕ್ಕೇ. ತುಂಬ ದಟ್ಟವಾದ ಕೆಲಸವಾದರೆ ಗಡ್ಡದ ಟ್ರಿಮ್ಮರಿನಂಥ ಸಣ್ಣ ಯಂತ್ರವನ್ನು ಹಿಂಬದಿಯ ಬಿಳಿ ಪಟ್ಟಿಗಳ ಮೇಲೆ ಅಡ್ಡಡ್ಡ ಆಡಿಸುತ್ತಾರೆ. ಅದರ ಹಲ್ಲುಗಳು ಬಾಬಿನ್ ದಾರಗಳನ್ನು ಮಾತ್ರ ಬಾಚಿ ಕತ್ತರಿಸುತ್ತವೆ.

ಸಿದ್ಧ ಉಡುಪಿನಲ್ಲಿ ಆ ಹಿಂಬದಿಯನ್ನು ತಲುಪುವುದೇ ಮೊದಲ ಕೆಲಸ. ರವಿಕೆಗೆ ಅಸ್ತರಿದೆ, ಕಿಸೆಯ ಹಿಂದೆ ಅಂಗಿಯಿದೆ, ಕಾಲರಿನೊಳಗೆ ಕ್ಯಾನ್ವಾಸ್ ಅಂಟಿದೆ. ಅಸ್ತರನ್ನು ಕೆಳಗಿನ ಮಡಿಕೆಯಲ್ಲೋ ಪಕ್ಕದ ಹೊಲಿಗೆಯಲ್ಲೋ ಒಂದು ಗೇಣು ಬಿಚ್ಚಿ, ಅಲ್ಲಿಂದ ಬೆನ್ನಿನ ಭಾಗವನ್ನು ಹೊರಗೆಳೆದು ತಿರುವಬೇಕು. ಕಿಸೆಯಾದರೆ ತಳ ಮತ್ತು ಒಂದು ಪಕ್ಕ ಬಿಚ್ಚಿದರೆ ಸಾಕು. ಈ ಸಾದಾ ಹೊಲಿಗೆಗಳನ್ನು ಬಿಚ್ಚಿ ಮತ್ತೆ ಹಾಕುವುದು ಕಷ್ಟವಲ್ಲ, ಸೂಜಿ ಹಳೆಯ ಗೆರೆಯಲ್ಲೇ ಬೀಳುತ್ತದೆ. ಇದಕ್ಕೆ ಬೇಸರಪಟ್ಟು ಮುಂದಿನಿಂದಲೇ ಕೈ ಹಾಕಿದವರೇ ಬಟ್ಟೆ ಹರಿದುಕೊಳ್ಳುವವರು.

ಎಲ್ಲ ಕಸೂತಿಯನ್ನೂ ಹೀಗೆ ಕತ್ತರಿಸಿ ತೆಗೆಯಬೇಕಾಗಿಲ್ಲ. ಇಂದು ಮದುವೆ ರವಿಕೆಗಳಲ್ಲಿ ಮಿಷನ್ ಕೆಲಸದ ಪಕ್ಕದಲ್ಲೇ ಆರಿ ವರ್ಕ್ ಇರುತ್ತದೆ. ಆರಿಯ ಕೊಕ್ಕೆಸೂಜಿ ಹಾಕುವುದು ಸರಪಳಿ ಹೊಲಿಗೆ. ಒಂದು ಕುಣಿಕೆಯೊಳಗಿಂದ ಮುಂದಿನ ಕುಣಿಕೆ, ಅದರೊಳಗಿಂದ ಇನ್ನೊಂದು, ಎಲ್ಲ ಒಂದೇ ದಾರ. ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ 1830ರಲ್ಲಿ ಪೇಟೆಂಟ್ ಪಡೆದ ಹೊಲಿಗೆ ಯಂತ್ರವೂ ಸರಪಳಿ ಹೊಲಿಗೆಯದೇ. ಅಕ್ಕಿ ಮೂಟೆಯ ಬಾಯಿಗೆ ಹಾಕಿದ ಹೊಲಿಗೆಯಲ್ಲಿ ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳುವುದು ಇದರಿಂದಲೇ. ಆರಿಯಲ್ಲಿ ತಪ್ಪಾದರೆ ಕೊನೆಯ ಗಂಟನ್ನು ಹುಡುಕಿ ಬಿಡಿಸಿ, ಕೆಲಸ ಮುಗಿದ ತುದಿಯಿಂದ ಶುರುವಿನ ಕಡೆಗೆ ಎಳೆದುಕೊಂಡು ಹೋಗಬಹುದು. ಎಲ್ಲಿ ತಪ್ಪಿದೆಯೋ ಅಲ್ಲಿ ನಿಲ್ಲಿಸಿ ಅದೇ ದಾರದಲ್ಲಿ ಮುಂದುವರಿಸಬಹುದು. ಎರಡು ದಾರದ ಹೊಲಿಗೆಗೆ ಈ ಸೌಲಭ್ಯವಿಲ್ಲ. ಅದು ಎಳೆದಷ್ಟೂ ಬಿಗಿಯಾಗುತ್ತದೆ.

ಎಂಬ್ರಾಯ್ಡರಿಗೆ ಎರಡು ದಾರ ಬಂದದ್ದು ಸ್ವಿಟ್ಜರ್ಲೆಂಡಿನಿಂದ. ಅದಕ್ಕೂ ಮೊದಲು ಜೋಸುವೆ ಹೈಲ್ಮನ್ 1828ರ ಸುಮಾರಿಗೆ ಫ್ರಾನ್ಸಿನ ಮುಲೂಸ್ ಪಟ್ಟಣದಲ್ಲಿ ಮಾಡಿದ ಕಸೂತಿ ಯಂತ್ರದ ಸೂಜಿಗಳಿಗೆ ಎರಡೂ ತುದಿ ಚೂಪು, ಕಣ್ಣು ನಡುವೆ. ಕೈಹೊಲಿಗೆಯಂತೆಯೇ ಅವು ಒಂದೇ ದಾರವನ್ನು ಆಚೆ ಈಚೆ ದಾಟಿಸುತ್ತಿದ್ದವು. ಸ್ವಿಟ್ಜರ್ಲೆಂಡಿನ ಇಸಾಕ್ ಗ್ರೋಬ್ಲಿ 1863ರಲ್ಲಿ ಹೊಲಿಗೆ ಯಂತ್ರದ ಲಾಳಿಯನ್ನೂ ಎರಡನೆಯ ದಾರವನ್ನೂ ಕಸೂತಿಗೆ ತಂದ. ವೇಗ ಹೆಚ್ಚಿತು, ಕಸೂತಿ ಅಗ್ಗವಾಯಿತು, ಬಿಚ್ಚುವುದು ಕಷ್ಟವಾಯಿತು.

ದಾರ ತೆಗೆದಾಯಿತು ಎನ್ನೋಣ. ಅಲ್ಲಿಗೆ ಅರ್ಧ ಕೆಲಸ. ಉಳಿಯುವುದು ಸೂಜಿ ಹೋದ ತೂತುಗಳು. ತಿದ್ದುವವರ ನಿಜವಾದ ಜಾಣ್ಮೆ ಇರುವುದು ಇಲ್ಲಿ ಎಂಬುದು ನನ್ನ ಎಣಿಕೆ. ದಾರವನ್ನು ಯಾವ ಬಟ್ಟೆಯಿಂದಲೂ ತೆಗೆಯಬಹುದು, ತೂತು ಮುಚ್ಚಿಕೊಳ್ಳುವುದೋ ಇಲ್ಲವೋ ಎಂಬುದನ್ನು ಮಾತ್ರ ಬಟ್ಟೆಯೇ ತೀರ್ಮಾನಿಸುತ್ತದೆ. ಆ ತೀರ್ಮಾನವನ್ನು ಕತ್ತರಿ ಎತ್ತುವ ಮೊದಲೇ ಊಹಿಸಬಲ್ಲವರು ಒಳ್ಳೆಯ ಟೈಲರುಗಳು.

ಲೆಕ್ಕ ಹಾಕಿ ನೋಡಿ. ಸ್ಯಾಟಿನ್ ಹೊಲಿಗೆಯಲ್ಲಿ ಒಂದು ಅಂಚಿನ ಎರಡು ಕುತ್ತುಗಳ ನಡುವೆ ಸಾಮಾನ್ಯವಾಗಿ 0.4 ಮಿಲಿಮೀಟರ್ ಅಂತರ. ಎಂದರೆ ಒಂದು ಸೆಂಟಿಮೀಟರ್ ಉದ್ದದ ಗೆರೆಗೆ ಒಂದು ಅಂಚಿನಲ್ಲಿ 25, ಇನ್ನೊಂದರಲ್ಲಿ 25 ತೂತು. ಎಂಬ್ರಾಯ್ಡರಿಗೆ ಹೆಚ್ಚು ಬಳಸುವ 75ನೇ ನಂಬರಿನ ಸೂಜಿಯ ದಪ್ಪ 0.75 ಮಿಲಿಮೀಟರ್. ಅಂತರಕ್ಕಿಂತ ಸೂಜಿಯೇ ಹೆಚ್ಚುಕಡಿಮೆ ಎರಡು ಪಟ್ಟು ದಪ್ಪ! ಸೂಜಿ ನಿಜವಾಗಿ ಬಟ್ಟೆಯನ್ನು ಕತ್ತರಿಸುತ್ತಿದ್ದರೆ ಅಂಚೆಚೀಟಿಯ ಅಂಚಿನಂತೆ ಇಡೀ ಅಕ್ಷರವೇ ಕಳಚಿ ಕೈಗೆ ಬರಬೇಕಿತ್ತು. ರೆಕ್ಸಿನ್ ಚೀಲದ ಮೇಲೆ ದಟ್ಟ ಎಂಬ್ರಾಯ್ಡರಿ ಮಾಡಿಸಿದವರಿಗೆ ಹಾಗೆಯೇ ಆಗುವುದೂ ಉಂಟು. ನೇಯ್ದ ಬಟ್ಟೆಯಲ್ಲಿ ಹಾಗಾಗದಿರಲು ಕಾರಣ, ಅಲ್ಲಿ ಸೂಜಿ ನೂಲನ್ನು ಕಡಿಯುವುದಿಲ್ಲ, ಬದಿಗೆ ಸರಿಸುತ್ತದೆ. ಹಾಸು ಹೊಕ್ಕುಗಳ ನಡುವೆ ಮೊನೆ ತೂರಿದಾಗ ಅಕ್ಕಪಕ್ಕದ ನೂಲುಗಳು ಒತ್ತರಿಸಿಕೊಂಡು ಜಾಗ ಕೊಡುತ್ತವೆ. ತೂತು ಎಂದು ನಮಗೆ ಕಾಣುವುದು ಸರಿದು ನಿಂತ ನೂಲುಗಳ ನಡುವಿನ ಖಾಲಿ ಜಾಗ ಮಾತ್ರ.

ಧಾರವಾಡದ ಕಡೆಯ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗವಂತಿ ಹೊಲಿಗೆಯಲ್ಲಿ ಮುಂದೂ ಹಿಂದೂ ಒಂದೇ ರೂಪ, ಗಂಟೂ ಇಲ್ಲ. ಸೂಜಿ ಎಳೆಗಳ ನಡುವಿನ ಸಹಜ ಸಂದಿಯಲ್ಲೇ ಹೋಗುವುದರಿಂದ ಬಿಚ್ಚಿದರೆ ಗುರುತೇ ಉಳಿಯುವುದಿಲ್ಲ ಎನ್ನಬಹುದು. ಮಿಷನ್ನಿಗೆ ಎಳೆ ಕಾಣುವುದಿಲ್ಲ. ವಿನ್ಯಾಸದ ಫೈಲಿನಲ್ಲಿ ಹೇಳಿದ ಜಾಗಕ್ಕೆ ಅದು ಕುಟ್ಟುತ್ತದೆ. ಅಲ್ಲಿ ಸಂದಿ ಸಿಕ್ಕಿದರೆ ನೂಲು ಸರಿಯುತ್ತದೆ, ನೂಲಿನ ನೆತ್ತಿಯೇ ಸಿಕ್ಕಿದರೆ ಅದನ್ನು ಸೀಳುತ್ತದೆ. ಮೊನೆ ಮೊಂಡಾದ ಹಳೆ ಸೂಜಿಯಾದರೆ ಎಳೆ ಹರಿದೇ ಹೋಗುತ್ತದೆ. ತಪ್ಪು ತಿದ್ದಲು ಕೂತಾಗ ಭೂತಗನ್ನಡಿ ಹಿಡಿದು ಇದನ್ನು ನೋಡುವುದು ಒಳ್ಳೆಯದು. ಸರಿದ ನೂಲನ್ನು ಕರೆತರಬಹುದು, ಹರಿದ ನೂಲನ್ನು ಕರೆತರಲಾಗದು.

ಕರೆತರುವುದು ನೀರು. ಹತ್ತಿಯ ನಾರು ಸೆಲ್ಯುಲೋಸ್. ಅದರ ಉದ್ದುದ್ದ ಅಣುಗಳು ಒಂದನ್ನೊಂದು ಹೈಡ್ರೋಜನ್ ಬಂಧಗಳಿಂದ ಹಿಡಿದುಕೊಂಡಿರುತ್ತವೆ. ಸೂಜಿ ಬಾಗಿಸಿದ ನೂಲು ಬಾಗಿದಂತೆಯೇ ನಿಲ್ಲುವುದು ಆ ಬಂಧಗಳು ಹೊಸ ಜಾಗದಲ್ಲಿ ಕೂಡಿಕೊಂಡಿದ್ದರಿಂದ. ನೀರಿನ ಅಣು ನಡುವೆ ನುಗ್ಗಿದರೆ ಹಳೆಯ ಬಂಧಗಳು ಸಡಿಲುತ್ತವೆ, ನಾರು ಉಬ್ಬುತ್ತದೆ, ಮೆತ್ತಗಾಗುತ್ತದೆ. ಆಗ ಉಗುರಿನ ಬೆನ್ನಿನಿಂದಲೋ ಚಮಚದ ಹಿಂಬದಿಯಿಂದಲೋ ಮೊದಲು ಹಾಸಿನ ಉದ್ದಕ್ಕೆ, ಆಮೇಲೆ ಹೊಕ್ಕಿನ ಉದ್ದಕ್ಕೆ ಮೆಲ್ಲಗೆ ಉಜ್ಜಿದರೆ ನೂಲುಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಒದ್ದೆ ಇರುವಾಗಲೇ ಹಿಂಬದಿಯಿಂದ ಬಿಸಿ ಇಸ್ತ್ರಿ ಒತ್ತಿದರೆ ನೀರು ಆರಿ ಬಂಧಗಳು ಈ ಸರಿಯಾದ ಜಾಗದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಉಡುಪಿ ಸೀರೆಯಂಥ ತೆಳು ಹತ್ತಿ ನೇಯ್ಗೆಯಲ್ಲಿ ನೂಲುಗಳ ನಡುವೆ ಓಡಾಡಲು ಜಾಗವಿರುವುದರಿಂದ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಒಂದೆರಡು ಸಲ ಒಗೆದ ಮೇಲೆ ಗುರುತು ಹುಡುಕಬೇಕಾಗುತ್ತದೆ.

ಯಾವ ನಾರು ಎಷ್ಟು ನೀರು ಹೀರುತ್ತದೆ ಎಂಬುದು ಗೊತ್ತಿದ್ದರೆ ಯಾವ ಬಟ್ಟೆ ಎಷ್ಟು ಸುಧಾರಿಸೀತು ಎಂದೂ ಊಹಿಸಬಹುದು. ವ್ಯಾಪಾರದ ಲೆಕ್ಕದಲ್ಲಿ ಒಣ ತೂಕಕ್ಕೆ ಹತ್ತಿಯ ತೇವಾಂಶ ಶೇ. 8.5, ರೇಷ್ಮೆಯದು ಶೇ. 11, ಪಾಲಿಯೆಸ್ಟರಿನದು ಶೇ. 0.4 ಮಾತ್ರ. ಪಾಲಿಯೆಸ್ಟರ್ ಸ್ಯಾಟಿನ್ನಿಗೆ ಎಷ್ಟು ನೀರು ಚಿಮುಕಿಸಿದರೂ ನಾರಿನೊಳಕ್ಕೆ ಹೋಗುವುದೇ ಇಲ್ಲ. ಅದಕ್ಕೆ ಬೇಕಾದ್ದು ಶಾಖ. ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಅಣುಗಳು ಅಲುಗಾಡಲು ಶುರುಮಾಡುತ್ತವೆ. ಹಬೆ ಹಾಯಿಸಿ, ನಡುವೆ ಬಟ್ಟೆಯಿಟ್ಟು ಒತ್ತಿ, ತಣಿಯುವವರೆಗೆ ಎತ್ತದೆ ಬಿಟ್ಟರೆ ಹೊಸ ಆಕಾರ ನಿಲ್ಲುತ್ತದೆ. ಬರೀ ಬಿಸಿ ಇಸ್ತ್ರಿಯನ್ನು ನೇರವಾಗಿ ಇಟ್ಟರೆ ಹೊಳಪಿನ ಕಲೆ ಬೀಳುತ್ತದೆ, ಅದನ್ನು ತೆಗೆಯುವ ಉಪಾಯವಿಲ್ಲ. ರೇಷ್ಮೆ ಹತ್ತಿಗಿಂತ ಹೆಚ್ಚು ನೀರು ಹೀರುತ್ತದಾದರೂ ಅದಕ್ಕೆ ಬೇರೆ ಎರಡು ತೊಂದರೆಗಳಿವೆ. ಎಳೆಗಳು ನುಣುಪು, ಸರಿದರೆ ಸರಿದಲ್ಲೇ ಜಾರಿ ಕೂರುತ್ತವೆ. ನೀರು ಬಿದ್ದ ಜಾಗ ಆರಿದಮೇಲೆ ಉಂಗುರದಂತೆ ಗುರುತು ಬಿಡುತ್ತದೆ. ರೇಷ್ಮೆಗೆ ದೂರದ ಹಬೆಯೇ ಸರಿ, ನೀರ ಹನಿ ಬೇಡ. ದಟ್ಟವಾಗಿ ನೇಯ್ದ ರೇಷ್ಮೆಯಲ್ಲಿ ಒಮ್ಮೆ ಬಿದ್ದ ಸಾಲುತೂತು ಪೂರ್ತಿ ಮಾಯವಾಗುವುದಿಲ್ಲ ಎಂದು ಗಿರಾಕಿಗೆ ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. ಅಲ್ಲಿ ಬಿಚ್ಚುವ ಬದಲು ಮೇಲೆ ಇನ್ನೊಂದು ಎಲೆಯನ್ನೋ ಮಣಿಯನ್ನೋ ಸೇರಿಸಿ ತಪ್ಪನ್ನು ವಿನ್ಯಾಸದೊಳಕ್ಕೆ ಎಳೆದುಕೊಳ್ಳುವುದು ಮೇಲು.

ಜೆರ್ಸಿ ಬಟ್ಟೆಯ ಕಥೆ ಬೇರೆ. ಅದು ನೇಯ್ದದ್ದಲ್ಲ, ಹೆಣೆದದ್ದು. ಒಂದು ಕುಣಿಕೆಯ ಎಳೆ ಕಡಿದರೆ ಅದು ಹಿಡಿದಿಟ್ಟಿದ್ದ ಕುಣಿಕೆ ಜಾರುತ್ತದೆ, ಆ ಕುಣಿಕೆ ಹಿಡಿದಿಟ್ಟಿದ್ದುದೂ ಜಾರುತ್ತದೆ, ಏಣಿಯ ಮೆಟ್ಟಿಲಿನಂತೆ ಸೀಳು ಓಡುತ್ತದೆ. ಅದಕ್ಕೇ ಹೆಣಿಗೆ ಬಟ್ಟೆಗೆ ದುಂಡು ಮೊನೆಯ ಸೂಜಿ ಹಾಕಬೇಕು. ಬಿಚ್ಚಿದಮೇಲೆ ಸಣ್ಣ ತೂತು ಕಂಡರೂ ಹಿಂದಿನಿಂದ ಇಸ್ತ್ರಿಯಲ್ಲಿ ಅಂಟುವ ತೆಳು ಪೇಸ್ಟಿಂಗ್ ಹಾಕಿ ಕುಣಿಕೆಗಳನ್ನು ಹಿಡಿದಿಟ್ಟ ಮೇಲಷ್ಟೇ ಮುಂದಿನ ಮಾತು.

ಅಕ್ಷರ ತಪ್ಪುಗಳಿಗೆ ಬರೋಣ, ಇವು ಕನ್ನಡದಂಥ ಲಿಪಿಗಳಿಗೆ ವಿಶೇಷವಾದವು. ಎಂಬ್ರಾಯ್ಡರಿ ವಿನ್ಯಾಸ ಮಾಡುವ ಎಷ್ಟೋ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಅವುಗಳಿಗೆ ಕನ್ನಡ ಅಂಟಿಸಿದರೆ ಒತ್ತಕ್ಷರ ಕಳಚಿಕೊಂಡು ಪಕ್ಕದಲ್ಲಿ ನಿಲ್ಲುತ್ತದೆ, ಗುಣಿತದ ಚಿಹ್ನೆ ತಪ್ಪು ಅಕ್ಷರಕ್ಕೆ ಸೇರುತ್ತದೆ. ಕನ್ನಡ ಓದಲು ಬಾರದ ಊರಿನ ಮಿಷನ್ನಿನಲ್ಲಿ ಹೊಲಿಸಿದರೆ ಅದನ್ನು ಹಿಡಿಯುವವರೂ ಇಲ್ಲ. ಹೀಗೆ ಬಂದ ಅಂಗಿಗಳಲ್ಲಿ ಇಡೀ ಹೆಸರನ್ನು ಕಿತ್ತು ಹಾಕುವ ಅಗತ್ಯ ತುಂಬ ಕಡಿಮೆ. ಕಾಣೆಯಾದ ದೀರ್ಘವನ್ನೋ ವಟ್ರಸುಳಿಯನ್ನೋ ಅದೇ ಬಣ್ಣದ ದಾರದಲ್ಲಿ ಕೈಯಿಂದ ಹಾಕಬಹುದು. ಇಲ್ಲದ್ದನ್ನು ಸೇರಿಸುವುದು ಇದ್ದದ್ದನ್ನು ತೆಗೆಯುವುದಕ್ಕಿಂತ ಯಾವಾಗಲೂ ಸುಲಭ, ಹೊಸ ತೂತುಗಳನ್ನು ಹೊಸ ದಾರವೇ ಮುಚ್ಚುತ್ತದಲ್ಲ.

ಇನ್ನೊಂದು ಬಗೆಯ ಅಕ್ಷರ ತಪ್ಪು ಫೈಲಿನಲ್ಲಿ ಇರುವುದೇ ಇಲ್ಲ, ಬಟ್ಟೆಯ ಮೇಲೆ ಹುಟ್ಟಿಕೊಳ್ಳುತ್ತದೆ. ಪ ಮತ್ತು ವ ಅಕ್ಷರಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ತೆರಪು. ಸ್ಯಾಟಿನ್ ಹೊಲಿಗೆ ದಾರದ ದಿಕ್ಕಿನಲ್ಲಿ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ. ಆದ್ದರಿಂದ ಗೆರೆ ಎಣಿಸಿದ್ದಕ್ಕಿಂತ ಸಣಕಲಾಗುತ್ತದೆ. ಅಡ್ಡ ದಿಕ್ಕಿನಲ್ಲಿ ದಾರದ ಮೇಲೆ ದಾರ ಒತ್ತರಿಸಿ ಗೆರೆಯ ತುದಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ತುದಿ ಅರ್ಧ ಮಿಲಿಮೀಟರ್ ಚಾಚಿದರೂ ಸಣ್ಣ ಅಕ್ಷರದಲ್ಲಿ ಪಕಾರದ ತೆರಪು ಮುಚ್ಚಿ ವಕಾರವಾಗಿಬಿಡುತ್ತದೆ, ಸೊನ್ನೆಯ ನಡುವಿನ ಬಯಲು ತುಂಬಿ ಬರೀ ಚುಕ್ಕೆಯಾಗುತ್ತದೆ. ಇದಕ್ಕೆ ಮದ್ದು ಸುಲಭ. ಹಿಂದಿನಿಂದ ಗೆರೆಯ ತುದಿಯ ಎರಡು ಮೂರು ಹೊಲಿಗೆಗಳ ಬಾಬಿನ್ ದಾರವನ್ನಷ್ಟೇ ಕತ್ತರಿಸಿ, ಮುಂದಿನ ದಾರದ ತುದಿಗಳನ್ನು ಸೂಜಿಯಿಂದ ಹಿಂದಕ್ಕೆಳೆದು, ಕೈಯಲ್ಲಿ ಒಂದೆರಡು ಸಣ್ಣ ಗಂಟು ಹಾಕಿದರೆ ತೆರಪು ಮತ್ತೆ ತೆರೆದುಕೊಳ್ಳುತ್ತದೆ. ಗಂಟು ಮರೆತರೆ ಮಾತ್ರ ಒಗೆತದಲ್ಲಿ ಉಳಿದ ಅಕ್ಷರವೂ ಬಿಚ್ಚುತ್ತ ಹೋಗುತ್ತದೆ.

ನವಿಲಿನ ಹೊರಗೆರೆ ಆಚೆ ಬಿದ್ದದ್ದೂ ಇದೇ ಎಳೆತದಿಂದ. ಮೊದಲು ಮೈಯನ್ನು ತುಂಬಿದ ದಾರ ಬಟ್ಟೆಯನ್ನು ಕುಗ್ಗಿಸಿತು, ಕೊನೆಗೆ ಬಂದ ಗೆರೆ ಕುಗ್ಗದ ಲೆಕ್ಕದಲ್ಲಿ ಬಿತ್ತು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಚೌಕಟ್ಟು ಒಂದು ಚೂರು ಅಲುಗಿದ್ದರೂ ಹೀಗಾಗುತ್ತದೆ. ನಡುವೆ ಬಿಟ್ಟ ಸಂದಿ ಒಂದೆರಡು ಮಿಲಿಮೀಟರಿನದಾದರೆ ಬಿಚ್ಚುವುದೇ ಬೇಡ, ಮೈಯ ಬಣ್ಣದ ದಾರದಲ್ಲಿ ಕೈಯಿಂದ ತುಂಬಿ. ಸಿದ್ಧ ಉಡುಪನ್ನು ಮತ್ತೆ ಚೌಕಟ್ಟಿಗೆ ಹಾಕಿ ಅದೇ ಜಾಗಕ್ಕೆ ಸೂಜಿ ತರಲು ಕೆಲವರು ಹೋಗುತ್ತಾರೆ. ವಿನ್ಯಾಸವನ್ನು ಕಾಗದದಲ್ಲಿ ಅಚ್ಚು ಮಾಡಿ, ನಡುಬಿಂದು ಗುರುತಿಸಿ, ಕೈಚಕ್ರ ತಿರುಗಿಸಿ ಸೂಜಿಯನ್ನು ಅಲ್ಲಿಗೆ ಇಳಿಸಿ ನೋಡುವ ಕ್ರಮವಿದೆ. ಆದರೂ ಹೊಲಿದ ರವಿಕೆ ಚೌಕಟ್ಟಿನಲ್ಲಿ ಮೊದಲಿನಂತೆ ಕೂರುವುದಿಲ್ಲ. ಬೆರಳಗಲದ ಕೆಲಸವಾದರೆ ನಾನು ಕೈಸೂಜಿಗೇ ಮತ ಹಾಕುತ್ತೇನೆ.

ಸುಕ್ಕಿನ ಮಾತಿನಲ್ಲಿ ಜ್ಯಾಮಿತಿ ನೆರವಿಗೆ ಬರುತ್ತದೆ. ಕಸೂತಿಯ ಸುತ್ತ ಬಟ್ಟೆ ಸುಕ್ಕಾಗಿದೆ ಎಂದರೆ ಎಲ್ಲೋ ಬಟ್ಟೆ ಹೆಚ್ಚಾಗಿದೆ ಎಂದೇ ಅರ್ಥ. ಎಲ್ಲಿ ಎನ್ನುವುದನ್ನು ಕಣ್ಣಿನಿಂದಲೇ ಹೇಳಬಹುದು. ವಿನ್ಯಾಸವೇ ಗುಮ್ಮಟದಂತೆ ಉಬ್ಬಿದ್ದರೆ ನಡುವೆ ಬಟ್ಟೆ ಹೆಚ್ಚಾಗಿದೆ. ಚೌಕಟ್ಟಿನಲ್ಲಿ ಬಟ್ಟೆಯನ್ನು ಎಳೆದು ಬಿಗಿಮಾಡಿದ್ದರು, ಎಳೆದ ಸ್ಥಿತಿಯಲ್ಲೇ ಹೊಲಿಗೆ ಅದನ್ನು ಹಿಡಿದಿಟ್ಟಿತು, ಚೌಕಟ್ಟು ತೆಗೆದಾಗ ಸುತ್ತಲಿನದು ಮಾತ್ರ ಮೊದಲಿನ ಅಳತೆಗೆ ಮರಳಿತು. ವಿನ್ಯಾಸ ಚಪ್ಪಟೆಯಾಗಿದ್ದು ಸುತ್ತಲೂ ಅಲೆಯೆದ್ದಿದ್ದರೆ ಅಂಚಿನಲ್ಲಿ ಬಟ್ಟೆ ಹೆಚ್ಚಾಗಿದೆ. ಬಿಗಿಯಾದ ದಾರ ನಡುವನ್ನು ಕುಗ್ಗಿಸಿದೆ. ಎರಡಕ್ಕೂ ಹತ್ತಿಯಲ್ಲಿ ಹಬೆಯಿಂದ ಶುರುಮಾಡಬಹುದು. ದಪ್ಪ ಟವೆಲಿನ ಮೇಲೆ ಕಸೂತಿಯನ್ನು ಬೋರಲು ಹಾಕಿ, ಹಿಂದಿನಿಂದ ಹಬೆ ಕೊಟ್ಟು, ಮೊದಲನೆಯ ಬಗೆಯಲ್ಲಿ ನಡುವನ್ನು ಒಳಕ್ಕೆ ಒತ್ತಿ ಕುಗ್ಗಿಸಬೇಕು, ಎರಡನೆಯದರಲ್ಲಿ ಅಂಚಿನ ಹೆಚ್ಚುವರಿಯನ್ನು ಕುಗ್ಗಿಸಬೇಕು. ಅದಕ್ಕೂ ಬಗ್ಗದಿದ್ದರೆ ಹೊರ ಅಂಚಿನ ದಟ್ಟ ಗೆರೆಯೊಂದನ್ನು ಬಿಚ್ಚಿ ಕೈಯಿಂದ ಸಡಿಲವಾಗಿ ಹಾಕಿದರೆ ಬಟ್ಟೆ ಉಸಿರಾಡುತ್ತದೆ. ಪಾಲಿಯೆಸ್ಟರಿನಲ್ಲಿ ಕುಗ್ಗಿಸುವ ಮಾತು ನಡೆಯುವುದಿಲ್ಲ. ಅಲ್ಲಿ ಬಿಚ್ಚಲೇಬೇಕು.

ಕೆಲವು ಸಣ್ಣ ದೋಷಗಳಿಗೆ ಕತ್ತರಿಯೇ ಬೇಡ, ಆದರೂ ಕೈ ಅದರ ಕಡೆಗೇ ಹೋಗುತ್ತದೆ. ಮೇಲೆದ್ದ ದಾರದ ಕುಣಿಕೆಯನ್ನು ಎಂದೂ ಕತ್ತರಿಸಬಾರದು. ಕತ್ತರಿಸಿದರೆ ಎರಡು ಕಡೆಯ ಬೀಗಗಳೂ ಸಡಿಲವಾಗುತ್ತವೆ. ಸಣ್ಣ ಸೂಜಿಯಿಂದ ಅದನ್ನು ಹಿಂಬದಿಗೆ ಎಳೆದು ಬಿಡಬೇಕು. ಮುಂದೆ ಬಿಳಿ ಬಾಬಿನ್ ದಾರ ಇಣುಕಿದ್ದರೆ, ಬಟ್ಟೆಗೆ ಬಳಸುವ ಅಳಿಯದ ಪೆನ್ನಿನಿಂದ ಅದೇ ಬಣ್ಣವನ್ನು ಆ ಚುಕ್ಕೆಗಳಿಗೆ ಮಾತ್ರ ತಾಗಿಸಿದರೆ ಸಾಕು. ದೋಷ ತೊಲಗಬೇಕಾದರೆ ಮಿಷನ್ನಿನ ಟೆನ್ಷನ್ ಸರಿಮಾಡಬೇಕು ಎನ್ನುವುದು ಸರಿ, ಆದರೆ ಹೊಲಿದಾದ ಅಂಗಿಗೆ ಪೆನ್ನೇ ಮದ್ದು.

ಕಡಲ ಬದಿಯ ಊರುಗಳಿಗೆ ಒಂದು ಹೆಚ್ಚಿನ ಕಾಟವಿದೆ. ಉಪ್ಪು ಗಾಳಿಯಲ್ಲಿ ತೇಲಿ ಬಂದು ಎಲ್ಲದರ ಮೇಲೂ ಕೂರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಮಳೆಗಾಲದ ಕೋಡಿಯಲ್ಲಿ ಅದು ದಿನವಿಡೀ ದಾಟಿಯೇ ಇರುತ್ತದೆ. ಮಿಷನ್ನಿನಲ್ಲೇ ಬಿಟ್ಟ ಸೂಜಿಯ ಮೇಲೆ ಹೀಗೆ ಕಣ್ಣಿಗೆ ಕಾಣದ ಉಪ್ಪುನೀರಿನ ಪದರ ನಿಲ್ಲುತ್ತದೆ, ಸೂಜಿಯ ಲೇಪ ಸವೆದಿದ್ದಲ್ಲಿ ತುಕ್ಕು ಹಿಡಿಯುತ್ತದೆ. ಬೆಳಗ್ಗೆ ಮೊದಲು ಹೊಲಿದ ಬಿಳಿ ಅಂಗಿಯಲ್ಲಿ ಸೂಜಿಕುತ್ತಿನ ಸುತ್ತ ಕಂದು ಚುಕ್ಕೆ. ಇದಕ್ಕೆ ಬಿಳುಪು ಮಾಡುವ ಕ್ಲೋರಿನ್ ದ್ರಾವಣ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ಕರಾವಳಿಯ ಹಿತ್ತಿಲುಗಳಲ್ಲಿ ಮರದ ಕಾಂಡಕ್ಕೇ ಗೊಂಚಲಾಗಿ ಹಿಡಿಯುವ ಬಿಂಬುಳಿ ಈ ಕೆಲಸಕ್ಕೆ ಹಳೆಯ ಮದ್ದು. ಅದರ ಹುಳಿಯಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವ ಸಂಯುಕ್ತವಾಗಿಸುತ್ತದೆ. ರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತುಂಬಾ ನೀರಿನಲ್ಲಿ ತೊಳೆದುಬಿಡಬೇಕು. ಬಟ್ಟೆಯಲ್ಲೇ ಒಣಗಿದ ಆಮ್ಲ ಹತ್ತಿಯ ನಾರನ್ನು ತಿನ್ನುತ್ತದೆ. ಜರಿಯ ಹತ್ತಿರ ಮಾತ್ರ ಇದನ್ನು ತರಲೇಬಾರದು. ಇಂದಿನ ಹೆಚ್ಚಿನ ಜರಿ ಲೋಹ ಲೇಪಿಸಿದ ಪಾಲಿಯೆಸ್ಟರ್ ಪಟ್ಟಿ, ಆ ತೆಳು ಲೇಪಕ್ಕೆ ಹುಳಿ ಆಗುವುದಿಲ್ಲ.

ಬಿಚ್ಚಿದರೂ ಹೋಗದ್ದು ಬೆಳಕಿನ ಗುರುತು. ವರ್ಷಗಟ್ಟಲೆ ಬಿಸಿಲಿಗೆ ತೊಟ್ಟ ಅಂಗಿಯಿಂದ ಹಳೆಯ ಲಾಂಛನ ತೆಗೆದರೆ ಅದರಡಿಯ ಬಟ್ಟೆ ಹೊಸದರ ಬಣ್ಣದಲ್ಲೇ ಇರುತ್ತದೆ. ಸುತ್ತಲಿನ ಬಣ್ಣವನ್ನು ಬೆಳಕು ಮತ್ತು ಆಮ್ಲಜನಕ ಸೇರಿ ಒಡೆದಿವೆ. ಅಲ್ಲಿ ಲಾಂಛನದ ಆಕಾರ ಬಟ್ಟೆಯ ಮೇಲೆ ಗಾಢವಾಗಿ ಉಳಿಯುತ್ತದೆ. ಅಂಥದಕ್ಕೆ ಅದೇ ಅಳತೆಯ ಹೊಸ ಪ್ಯಾಚ್ ಹೊಲಿಯುವುದೊಂದೇ ದಾರಿ.

ಕೊನೆಗೆ, ನೂಲೇ ಹರಿದು ನಿಜವಾದ ತೂತು ಬಿದ್ದಿದ್ದರೆ ರಫೂ. ಬೇಕಾದ ನೂಲಿಗಾಗಿ ಕುಂದಾಪುರ ಪೇಟೆ ಸುತ್ತಬೇಕಿಲ್ಲ, ಅದು ರವಿಕೆಯೊಳಗೇ ಇದೆ. ನಮ್ಮ ಕಡೆಯ ಟೈಲರುಗಳು ಮುಂದೆ ಮೈ ತುಂಬಿಕೊಂಡರೆ ಬಿಚ್ಚಲೆಂದು ಪಕ್ಕದ ಹೊಲಿಗೆಯಲ್ಲಿ ಒಂದಂಗುಲ ಬಟ್ಟೆ ಒಳಗೆ ಬಿಟ್ಟಿರುತ್ತಾರೆ. ಅದೇ ಥಾನು, ಅದೇ ಬಣ್ಣದ ಪಾತ್ರೆ, ಬಿಸಿಲು ಮಾತ್ರ ಕಂಡಿಲ್ಲ. ಅಲ್ಲಿಂದ ಹಾಸಿನ ಎಳೆಗಳನ್ನು ಒಂದು ಕಡೆ, ಹೊಕ್ಕಿನ ಎಳೆಗಳನ್ನು ಇನ್ನೊಂದು ಕಡೆ ಬಿಡಿಸಿಟ್ಟುಕೊಳ್ಳಿ, ಎರಡೂ ಬೇರೆ ದಪ್ಪದವಾಗಿರಬಹುದು. ಹಿಂಬದಿಯಿಂದ, ತೂತಿಗಿಂತ ಅರ್ಧ ಸೆಂಟಿಮೀಟರ್ ಆಚೆಯಿಂದ ಶುರುಮಾಡಿ ಮೊದಲು ಹಾಸಿನ ಎಳೆಗಳನ್ನು ಉದ್ದಕ್ಕೆ ಕೂರಿಸಿ, ಆಮೇಲೆ ಹೊಕ್ಕಿನವನ್ನು ಒಂದರ ಮೇಲೆ ಒಂದರ ಕೆಳಗೆ ನೇಯಿರಿ. ಎಳೆಯನ್ನು ಬಿಗಿಯಾಗಿ ಎಳೆಯಬೇಡಿ, ಪ್ರತಿ ತಿರುವಿನಲ್ಲಿ ಕೂದಲೆಳೆಯಷ್ಟು ಸಡಿಲ ಬಿಡಿ, ಮೊದಲ ಒಗೆತದಲ್ಲಿ ಅದು ಕುಗ್ಗಿ ತನ್ನ ಜಾಗಕ್ಕೆ ಕೂರುತ್ತದೆ. ಆಮೇಲೆ ಬಿಚ್ಚಿದ ಅಸ್ತರನ್ನು ಹೊಲಿಯಬಹುದು.